ಓ ಗುಂಪು, ಚರ್ಮದ ಕ್ಯಾನ್ಸರ್ ಮತ್ತು ಶೇ 14ರ ಲೆಕ್ಕ

ರಕ್ತದ ಗುಂಪಿನ ಜೊತೆ ನಮಗೊಂದು ವಿಶೇಷ ಸಲಿಗೆ ಇದೆ. ಚಾಲನಾ ಪರವಾನಗಿ, ಕಚೇರಿಯ ಗುರುತಿನ ಚೀಟಿ, ಶಾಲಾ ಮಕ್ಕಳ ಕೊರಳಲ್ಲಿ ತೂಗುವ ಕಾರ್ಡು, ಎಲ್ಲ ಕಡೆ ಅಚ್ಚಾಗುವ ವೈದ್ಯಕೀಯ ಸಂಗತಿ ಬಹುತೇಕ ಅದೊಂದೇ. ತಮ್ಮ ರಕ್ತದೊತ್ತಡ ಎಷ್ಟೆಂದು ತಿಳಿಯದವರೂ ‘ನನ್ನದು ಓ ಪಾಸಿಟಿವ್’ ಎಂದು ಥಟ್ಟನೆ ಹೇಳುತ್ತಾರೆ. ಹುಟ್ಟಿನೊಂದಿಗೆ ಬಂದದ್ದು, ಸಾಮಾನ್ಯವಾಗಿ ಸಾಯುವ ತನಕ ಬದಲಾಗದ್ದು. ಹಾಗಾಗಿಯೇ ಅದನ್ನು ಜನ್ಮನಕ್ಷತ್ರದ ಪಕ್ಕದಲ್ಲಿಟ್ಟು ಭವಿಷ್ಯ ಓದುವ ಚಪಲ ಬಿಡುವುದಿಲ್ಲ. 2020ರಲ್ಲಿ, ಕೋವಿಡ್ ‘ಎ’ ಗುಂಪಿನವರನ್ನು ಹೆಚ್ಚು ಕಾಡುತ್ತದೆ, ‘ಓ’ ಗುಂಪಿನವರಿಗೆ ಕೊಂಚ ರಕ್ಷಣೆ ಇದೆ ಎಂಬ ಯುರೋಪಿನ ಅಧ್ಯಯನವೊಂದು ಬಂದಾಗ ಮೊಬೈಲ್‌ಗಳಲ್ಲಿ ಹರಿದಾಡಿದ ಸಂದೇಶಗಳು ಹಲವರಿಗೆ ನೆನಪಿರಬಹುದು. ಆಗ ನಿರಾಳವಾಗಿದ್ದ ಓ ಗುಂಪಿನವರನ್ನು ಬೆಚ್ಚಿಸುವ ಮಾತು ಇನ್ನೊಂದಿದೆ: ಅವರಿಗೆ ಚರ್ಮದ ಕ್ಯಾನ್ಸರ್ ಅಪಾಯ ಹೆಚ್ಚು ಎಂಬುದು.

ಇದು ಯಾರೋ ಕುಳಿತು ಕಟ್ಟಿದ ಕಥೆಯಲ್ಲ. ಇದರ ಮೂಲ 2010ರಲ್ಲಿ ‘ಪ್ಲಾಸ್ ಒನ್’ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ. ಅದಕ್ಕೆ ಬಳಸಿದ್ದು ಎರಡು ಹೆಸರಾಂತ ಸಮೂಹಗಳ ಮಾಹಿತಿ. ಒಂದು, 1976ರಲ್ಲಿ 1,21,700 ನರ್ಸ್‌ಗಳನ್ನು ಸೇರಿಸಿಕೊಂಡು ಆರಂಭವಾದ ದಾದಿಯರ ಆರೋಗ್ಯ ಅಧ್ಯಯನ. ಇನ್ನೊಂದು, 1986ರಲ್ಲಿ 51 ಸಾವಿರಕ್ಕೂ ಹೆಚ್ಚು ಪುರುಷ ಆರೋಗ್ಯ ವೃತ್ತಿಪರರೊಂದಿಗೆ ಶುರುವಾದದ್ದು. ಇವರೆಲ್ಲ ಎರಡು ವರ್ಷಕ್ಕೊಮ್ಮೆ ಪ್ರಶ್ನಾವಳಿ ತುಂಬಿ ಕಳಿಸುವವರು. ಊಟ, ನಿದ್ದೆ, ಸಿಗರೇಟು, ಬಿಸಿಲು, ಕಾಯಿಲೆ ಎಲ್ಲದರ ಲೆಕ್ಕ ಅಲ್ಲಿದೆ. ತಮ್ಮ ರಕ್ತದ ಗುಂಪನ್ನೂ ಅವರೇ ಬರೆದು ತಿಳಿಸಿದ್ದರು. ವೈದ್ಯಕೀಯ ರಂಗದವರಾದ್ದರಿಂದ ಅದರಲ್ಲಿ ತಪ್ಪು ಕಡಿಮೆ ಎಂದು ಒಪ್ಪಿಕೊಳ್ಳಬಹುದು.

ಚರ್ಮದ ಕ್ಯಾನ್ಸರ್ ಎಂದರೆ ಒಂದು ರೋಗವಲ್ಲ. ಚರ್ಮದ ತಳಪದರದಿಂದ ಏಳುವ ಬೇಸಲ್ ಸೆಲ್ ಕಾರ್ಸಿನೋಮ ಬಿಳಿಯರಲ್ಲಿ ಅತಿ ಸಾಮಾನ್ಯ. ನಿಧಾನವಾಗಿ ಬೆಳೆಯುತ್ತದೆ, ದೂರದ ಅಂಗಗಳಿಗೆ ಹರಡುವುದು ಅಪರೂಪ. ಮೇಲಿನ ಪದರದ ಸ್ಕ್ವಾಮಸ್ ಸೆಲ್ ಕಾರ್ಸಿನೋಮ ಅದಕ್ಕಿಂತ ಒರಟು. ಬಣ್ಣ ತಯಾರಿಸುವ ಕೋಶಗಳಲ್ಲಿ ಹುಟ್ಟುವ ಮೆಲನೋಮ ಸಂಖ್ಯೆಯಲ್ಲಿ ಕಡಿಮೆಯಾದರೂ ಜೀವ ತೆಗೆಯುವುದರಲ್ಲಿ ಮುಂದು. ಅಧ್ಯಯನದ ಲೆಕ್ಕಕ್ಕೆ ಸಿಕ್ಕ ಬೇಸಲ್ ಸೆಲ್ ಪ್ರಕರಣಗಳು 19,860, ಸ್ಕ್ವಾಮಸ್ ಸೆಲ್ 1,533, ಮೆಲನೋಮ 685. ಓ ಗುಂಪಿನವರಿಗೆ ಹೋಲಿಸಿದರೆ ಎ, ಬಿ, ಎಬಿ ಗುಂಪಿನವರಲ್ಲಿ ಸ್ಕ್ವಾಮಸ್ ಸೆಲ್ ಅಪಾಯ ಶೇ 14ರಷ್ಟು, ಬೇಸಲ್ ಸೆಲ್ ಅಪಾಯ ಶೇ 4ರಷ್ಟು ಕಡಿಮೆ ಎಂದು ಕಂಡುಬಂತು. ಮೆಲನೋಮದಲ್ಲಿ ಶೇ 9ರಷ್ಟು ಕಡಿಮೆ ಕಂಡರೂ ಅದನ್ನು ಖಚಿತವೆಂದು ಹೇಳಲಾಗದು ಎಂದರು ಸಂಶೋಧಕರು.

ಶೇ 4 ಖಚಿತವಂತೆ, ಅದಕ್ಕಿಂತ ದೊಡ್ಡದಾದ ಶೇ 9 ಖಚಿತವಲ್ಲವಂತೆ. ಎಲ್ಲರೂ ದಾಟಿಹೋಗುವ ಈ ಒಗಟನ್ನು ಬಿಡಿಸಿಕೊಳ್ಳದೆ ಇಂಥ ಸುದ್ದಿಗಳನ್ನು ಓದಿ ಪ್ರಯೋಜನವಿಲ್ಲ. ಖಚಿತ ಎಂಬ ಮಾತಿಗೆ ಸಂಖ್ಯಾಶಾಸ್ತ್ರದಲ್ಲಿರುವ ಅರ್ಥ ‘ದೊಡ್ಡದು’ ಎಂದಲ್ಲ, ‘ಬರೀ ಆಕಸ್ಮಿಕವಾಗಿರುವ ಸಾಧ್ಯತೆ ಕಡಿಮೆ’ ಎಂದಷ್ಟೇ. ಸುಮಾರು ಇಪ್ಪತ್ತು ಸಾವಿರ ರೋಗಿಗಳಿದ್ದರೆ ಕೂದಲೆಳೆಯ ವ್ಯತ್ಯಾಸವೂ ಕಣ್ಣಿಗೆ ಬೀಳುತ್ತದೆ. ಏಳುನೂರಕ್ಕೂ ಕಡಿಮೆ ರೋಗಿಗಳಿದ್ದರೆ ಅದರ ಎರಡು ಪಟ್ಟು ವ್ಯತ್ಯಾಸವೂ ಗದ್ದಲದಲ್ಲಿ ಕಳೆದುಹೋಗಬಹುದು. ಹಾಗಾಗಿ ಬೇಸಲ್ ಸೆಲ್ ಕುರಿತ ತೀರ್ಮಾನವನ್ನು ಸರಳವಾಗಿ ಹೇಳಬೇಕೆಂದರೆ: ವ್ಯತ್ಯಾಸ ಇರುವುದು ಬಹುಶಃ ನಿಜ, ಆದರೆ ಅದು ಯಾರ ಬದುಕಿನಲ್ಲೂ ಲೆಕ್ಕಕ್ಕೆ ಬರುವಷ್ಟು ದೊಡ್ಡದಲ್ಲ.

ಶೇ 14ರ ಕಥೆಯೂ ಬಿಡಿಸಿ ನೋಡಿದಾಗ ಚಿಕ್ಕದಾಗುತ್ತದೆ. ಲೆಕ್ಕಕ್ಕೆಂದು ಓ ಗುಂಪಿನ ಸಾವಿರ ಮಂದಿಯಲ್ಲಿ 28 ಜನರಿಗೆ ಸ್ಕ್ವಾಮಸ್ ಸೆಲ್ ಕ್ಯಾನ್ಸರ್ ಬರುತ್ತದೆ ಎಂದಿಟ್ಟುಕೊಳ್ಳೋಣ. ಉಳಿದ ಗುಂಪುಗಳ ಸಾವಿರದಲ್ಲಿ ಅದು 24 ಆಗುತ್ತದೆ. ಅಂದರೆ ಸಾವಿರಕ್ಕೆ ನಾಲ್ವರ ವ್ಯತ್ಯಾಸ. 972 ಜನರಿಗೆ ಯಾವ ಗುಂಪಾದರೂ ಏನೂ ಆಗುವುದಿಲ್ಲ. ಕಾಯಿಲೆ ಇನ್ನೂ ವಿರಳವಾಗಿರುವ ಜನರಲ್ಲಿ, ಉದಾಹರಣೆಗೆ ನಮ್ಮಲ್ಲಿ, ಅದೇ ಶೇ 14 ಲಕ್ಷಕ್ಕೆ ಒಬ್ಬರನ್ನೂ ಮುಟ್ಟದಿರಬಹುದು. ಶೇಕಡಾವಾರು ಹೇಳಿ ಮೂಲ ಸಂಖ್ಯೆ ಮುಚ್ಚಿಡುವುದು ಆರೋಗ್ಯ ಸುದ್ದಿಗಳ ಹಳೆಯ ಚಾಳಿ. ಅದರಲ್ಲಿ ಪತ್ರಕರ್ತರಷ್ಟೇ ಪಾಲು ಸಂಶೋಧನಾ ಸಂಸ್ಥೆಗಳ ಪ್ರಚಾರ ವಿಭಾಗಗಳದ್ದೂ ಇದೆ.

ಹಾಗಾದರೆ ರಕ್ತಕ್ಕೂ ಚರ್ಮಕ್ಕೂ ಎಲ್ಲಿಯ ನಂಟು? ಇಲ್ಲಿ ವಿಷಯ ನಿಜಕ್ಕೂ ಸ್ವಾರಸ್ಯಕರ. 1901ರಲ್ಲಿ ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳನ್ನು ವಿವರಿಸಿದ್ದು ಕೆಂಪು ಕಣಗಳು ಗಂಟುಕಟ್ಟುವುದನ್ನು ನೋಡಿ. ಅದಕ್ಕೆ ‘ರಕ್ತದ’ ಗುಂಪು ಎಂಬ ಹೆಸರು ನಿಂತಿತು. ಆದರೆ ಅದರ ಗುರುತುಗಳು ರಕ್ತಕ್ಕಷ್ಟೇ ಸೀಮಿತವಲ್ಲ. ಕರುಳಿನ ಒಳಪದರ, ರಕ್ತನಾಳದ ಗೋಡೆ, ಬಾಯಿಯ ಲೋಳೆಪೊರೆ, ಚರ್ಮದ ಕೋಶ, ಹಲವರ ಜೊಲ್ಲಿನಲ್ಲಿ ಕೂಡ ಅವು ಇವೆ. ಒಂಬತ್ತನೇ ವರ್ಣತಂತುವಿನಲ್ಲಿರುವ ಒಂದು ಜೀನ್ ಒಂದು ಕಿಣ್ವವನ್ನು ತಯಾರಿಸುತ್ತದೆ. ಕೋಶದ ಮೇಲ್ಮೈಯಲ್ಲಿರುವ ‘ಎಚ್’ ಎಂಬ ಸಕ್ಕರೆ ಸರಪಳಿಯ ತುದಿಗೆ ಇನ್ನೊಂದು ಸಕ್ಕರೆಯನ್ನು ಸೇರಿಸುವುದು ಅದರ ಕೆಲಸ. ಎ ಗುಂಪಿನಲ್ಲಿ ಸೇರುವ ಸಕ್ಕರೆ ಒಂದು, ಬಿ ಗುಂಪಿನಲ್ಲಿ ಇನ್ನೊಂದು. ಓ ಗುಂಪಿನವರಲ್ಲಿ ಸಾಮಾನ್ಯವಾಗಿ ಆ ಜೀನಿನ ಒಂದಕ್ಷರ ಬಿಟ್ಟುಹೋಗಿ ಕಿಣ್ವ ನಿಷ್ಕ್ರಿಯವಾಗಿರುತ್ತದೆ. ಎಚ್ ಸರಪಳಿ ಬೋಳಾಗಿಯೇ ಉಳಿಯುತ್ತದೆ. ಆ ಎಚ್ ಕೂಡ ಇಲ್ಲದ ಅತಿ ವಿರಳ ಗುಂಪನ್ನು 1952ರಲ್ಲಿ ವೈ. ಎಂ. ಭೇಂಡೆ ಮತ್ತು ಸಂಗಡಿಗರು ಮುಂಬಯಿಯಲ್ಲಿ ಗುರುತಿಸಿದರು. ‘ಬಾಂಬೆ ಗುಂಪು’ ಎಂದು ರಕ್ತನಿಧಿಗಳಲ್ಲಿ ಇವತ್ತಿಗೂ ಹುಡುಕಾಡಿಸುವುದು ಅದನ್ನೇ. ಪಾಸಿಟಿವ್, ನೆಗೆಟಿವ್ ಎಂಬುದು ಬೇರೆಯೇ ವರ್ಣತಂತುವಿನ ಬೇರೆಯೇ ಜೀನಿನ ವಿಷಯ. ಈ ಚರ್ಚೆಗೆ ಅದನ್ನು ಎಳೆಯಬೇಕಿಲ್ಲ.

ಕೋಶಗಳ ಹೊರಮೈಯಲ್ಲಿರುವ ಈ ಸಕ್ಕರೆಗಳು ಕೋಶಗಳು ಒಂದಕ್ಕೊಂದು ಅಂಟಿಕೊಳ್ಳುವುದರಲ್ಲಿ, ಅವುಗಳ ಚಲನೆಯಲ್ಲಿ ಪಾತ್ರ ವಹಿಸುತ್ತವೆ. ಕೆಲವು ಕ್ಯಾನ್ಸರ್ ಕೋಶಗಳು ತಮ್ಮ ಎ ಅಥವಾ ಬಿ ಗುರುತನ್ನು ಕಳಚಿಕೊಳ್ಳುತ್ತವೆ ಎಂಬುದು ಬಾಯಿಯ ಕ್ಯಾನ್ಸರ್‌ನಲ್ಲಿ ಬಹಳ ಹಿಂದೆಯೇ ಕಂಡ ಸಂಗತಿ. ಇದರ ಜೊತೆಗೆ, ಉರಿಯೂತಕ್ಕೆ ಸಂಬಂಧಿಸಿದ ಕೆಲವು ಪ್ರೋಟೀನ್‌ಗಳ ಮಟ್ಟ ರಕ್ತದ ಗುಂಪಿಗೆ ತಕ್ಕಂತೆ ಬದಲಾಗುವುದನ್ನು ಜೀನ್ ಅಧ್ಯಯನಗಳು ತೋರಿಸಿವೆ. ಇವೆಲ್ಲ ಸೇರಿ ಚರ್ಮದಲ್ಲಿ ಮೊಳೆತ ಕ್ಯಾನ್ಸರ್ ಕೋಶವನ್ನು ದೇಹ ಗುರುತಿಸುವ ರೀತಿಯಲ್ಲಿ ಒಂದಿಷ್ಟು ಏರುಪೇರಾಗುತ್ತಿರಬಹುದು. ಆದರೆ ಇದೆಲ್ಲ ಫಲಿತಾಂಶ ಬಂದ ಮೇಲೆ ಹೊಲಿದ ವಿವರಣೆ. ಫಲಿತಾಂಶ ತಿರುಗುಮುರುಗಾಗಿದ್ದರೂ ಇದೇ ಬಟ್ಟೆಯಲ್ಲಿ ಇನ್ನೊಂದು ಅಂಗಿ ಹೊಲಿಯಬಹುದಿತ್ತು ಎಂಬುದು ನನ್ನ ತಕರಾರು.

ನಂಟು ಗಟ್ಟಿಯಾಗಿರುವ ಕಡೆ ಅದು ಹೇಗೆ ಕಾಣುತ್ತದೆ ಎಂಬುದಕ್ಕೆ ಹೊಟ್ಟೆಯ ಕ್ಯಾನ್ಸರ್ ಒಳ್ಳೆಯ ನಿದರ್ಶನ. 1953ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಇಯಾನ್ ಏರ್ಡ್ ಮತ್ತು ಸಂಗಡಿಗರು, ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಹೊಟ್ಟೆಯ ಕ್ಯಾನ್ಸರ್ ಹೆಚ್ಚು, ಅಲ್ಲಿ ಓ ಗುಂಪೂ ಹೆಚ್ಚು ಎಂಬುದನ್ನು ಗಮನಿಸಿ ಎರಡಕ್ಕೂ ಸಂಬಂಧವಿದೆಯೇ ಎಂದು ಹುಡುಕಲು ಹೊರಟರು. ಸಾವಿರಾರು ರೋಗಿಗಳ ದಾಖಲೆ ತೆಗೆದು ನೋಡಿದರೆ ಅಪಾಯ ಹೆಚ್ಚಿದ್ದದ್ದು ಎ ಗುಂಪಿನವರಿಗೆ! ಊಹೆ ಬುಡಮೇಲಾಯಿತು, ಆದರೆ ಫಲಿತಾಂಶ ಉಳಿಯಿತು. 2010ರಲ್ಲಿ ಸ್ವೀಡನ್ ಮತ್ತು ಡೆನ್ಮಾರ್ಕ್‌ನ ಹತ್ತು ಲಕ್ಷಕ್ಕೂ ಹೆಚ್ಚು ರಕ್ತದಾನಿಗಳ ಅಧ್ಯಯನದಲ್ಲೂ ಎ ಗುಂಪಿನವರಲ್ಲಿ ಹೊಟ್ಟೆಯ ಕ್ಯಾನ್ಸರ್ ಓ ಗುಂಪಿನವರಿಗಿಂತ ಸುಮಾರು ಶೇ 20ರಷ್ಟು ಹೆಚ್ಚು ಕಂಡಿತು. ಜಠರದ ಹುಣ್ಣು ಮಾತ್ರ ಓ ಗುಂಪಿನವರಲ್ಲೇ ಜಾಸ್ತಿ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನಲ್ಲೂ ನಂಟು ಹೀಗೆಯೇ ಗಟ್ಟಿ: 2009ರಲ್ಲಿ ಅದೇ ನರ್ಸ್‌ಗಳ ಸಮೂಹದಿಂದ ಒಂದು ಫಲಿತಾಂಶ, ಅದೇ ವರ್ಷ ಇಡೀ ಜೀನ್ ನಕ್ಷೆಯನ್ನು ಜಾಲಾಡಿದ ಬೇರೊಂದು ಅಧ್ಯಯನದಿಂದ ಇನ್ನೊಂದು, ಎರಡೂ ಬೆರಳು ತೋರಿದ್ದು ರಕ್ತದ ಗುಂಪಿನ ಜೀನಿನ ಕಡೆಗೇ. ಬೇರೆ ದೇಶ, ಬೇರೆ ವಿಧಾನ, ಉತ್ತರ ಒಂದೇ. ಚರ್ಮದ ಕ್ಯಾನ್ಸರ್ ವಿಷಯದಲ್ಲಿ ಅಂಥ ತಾಳೆ ಸಿಕ್ಕಿಲ್ಲ. ಮೆಲನೋಮದ ಮೇಲಿನ ಹಳೆಯ ಸಣ್ಣಪುಟ್ಟ ಅಧ್ಯಯನಗಳಂತೂ ಒಂದು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ.

ಏರ್ಡ್ ಅವರನ್ನು ಮೊದಲಿಗೆ ದಾರಿತಪ್ಪಿಸಿದ ಭೂಗೋಳವೇ ಚರ್ಮದ ವಿಷಯದಲ್ಲೂ ಆಟವಾಡುತ್ತಿರಬಹುದೇ? ಓ ಗುಂಪು ಯುರೋಪಿನಲ್ಲಿ ಸಮನಾಗಿ ಹರಡಿಲ್ಲ. ಐರ್ಲೆಂಡ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಓ; ಸ್ಕಾಟ್ಲೆಂಡ್‌ನಲ್ಲೂ ಅದು ಧಾರಾಳ. ಅದೇ ಜನರಲ್ಲಿ ಕೆಂಗೂದಲು, ಕಂದದೆ ಸುಡುವ ತೆಳುಬಿಳುಪಿನ ಚರ್ಮ, ನಸುಮಚ್ಚೆಗಳು ಹೆಚ್ಚು. ಅದಕ್ಕೆ ಕಾರಣವಾದ ಜೀನ್ ಹದಿನಾರನೇ ವರ್ಣತಂತುವಿನಲ್ಲಿದೆ. ರಕ್ತದ ಗುಂಪಿಗೂ ಅದಕ್ಕೂ ಏನೇನೂ ಸಂಬಂಧವಿಲ್ಲ. ಆದರೆ ಅಮೆರಿಕದ ಬಿಳಿಯರಲ್ಲಿ ಐರಿಷ್ ಅಜ್ಜ-ಅಜ್ಜಿಯಿಂದ ಎರಡೂ ಒಟ್ಟಿಗೆ ಬಂದಿರುವ ಸಾಧ್ಯತೆ, ಇಟಲಿಯ ಮೂಲದವರಿಗಿಂತ ಹೆಚ್ಚು. ಸಂಶೋಧಕರು ಕೂದಲ ಬಣ್ಣ, ಬಿಸಿಲಿಗೆ ಸುಟ್ಟ ಚರಿತ್ರೆ, ಮಚ್ಚೆಗಳ ಸಂಖ್ಯೆ ಇವನ್ನೆಲ್ಲ ಲೆಕ್ಕದಲ್ಲಿ ಸರಿದೂಗಿಸಿದ್ದಾರೆ, ನಿಜ. ಪ್ರಶ್ನಾವಳಿಯ ನಾಲ್ಕು ಖಾನೆಗಳಲ್ಲಿ ಚರ್ಮದ ಬಣ್ಣದ ಸೂಕ್ಷ್ಮವೆಲ್ಲ ಹಿಡಿಯುವುದಿಲ್ಲ ಎಂಬುದೂ ಅಷ್ಟೇ ನಿಜ. ಶೇ 4ರಷ್ಟು ತೆಳುವಾದ ವ್ಯತ್ಯಾಸ ಅಲ್ಲಿಂದ ಸೋರಿ ಬಂದಿದ್ದರೆ ನನಗೇನೂ ಆಶ್ಚರ್ಯವಿಲ್ಲ.

ಸಮೂಹದಲ್ಲಿದ್ದವರು ಬಹುತೇಕ ಬಿಳಿಯರು ಎಂಬ ಸಂಗತಿ ನಮಗೆ ಮುಖ್ಯವಾಗುವುದು ಇಲ್ಲಿಯೇ. ಅಮೆರಿಕದಲ್ಲಿ ಮೆಲನೋಮ ಕಪ್ಪು ಜನರಿಗಿಂತ ಬಿಳಿಯರಲ್ಲಿ ಇಪ್ಪತ್ತು ಪಟ್ಟಿಗೂ ಹೆಚ್ಚು. ಇಪ್ಪತ್ತು ಪಟ್ಟು ಒಂದು ಕಡೆ, ಶೇ 14 ಇನ್ನೊಂದು ಕಡೆ. 1979ರ ಪ್ರಸಿದ್ಧ ಅಳತೆಯೊಂದರ ಪ್ರಕಾರ ಕಪ್ಪು ಚರ್ಮದ ಮೇಲ್ಪದರ ತನ್ನಷ್ಟಕ್ಕೇ ಸುಮಾರು 13ರಷ್ಟು ಸನ್‌ಸ್ಕ್ರೀನ್ ಅಂಕದ ರಕ್ಷಣೆ ಕೊಡುತ್ತದೆ. ಬಿಳಿ ಚರ್ಮದ್ದು ಮೂರು ಚಿಲ್ಲರೆ. ನಮ್ಮ ಕಂದು ಚರ್ಮ ಇವೆರಡರ ನಡುವೆ ಎಲ್ಲೋ ನಿಲ್ಲುತ್ತದೆ. ಎಪ್ಪತ್ತು ತುಂಬುವುದರೊಳಗೆ ಮೂವರಲ್ಲಿ ಇಬ್ಬರಿಗೆ ಒಂದಲ್ಲ ಒಂದು ಬಗೆಯ ಚರ್ಮದ ಕ್ಯಾನ್ಸರ್ ಎಂಬ ಲೆಕ್ಕವಿರುವ ಆಸ್ಟ್ರೇಲಿಯದಲ್ಲಿ ನೆಲೆಸಿದ ಕನ್ನಡಿಗರಿಗೂ ಆ ಲೆಕ್ಕ ಹಾಗೇ ಅನ್ವಯಿಸುವುದಿಲ್ಲ. ಭಾರತದಲ್ಲಿ ಓ ಮತ್ತು ಬಿ ಗುಂಪುಗಳದ್ದೇ ಮೇಲುಗೈ. ಕರ್ನಾಟಕದಲ್ಲಿ ಹತ್ತರಲ್ಲಿ ಸುಮಾರು ನಾಲ್ವರು ಓ. ಗುಂಪೇ ನಿರ್ಣಾಯಕವಾಗಿದ್ದರೆ ಚರ್ಮದ ಕ್ಯಾನ್ಸರ್ ನಮ್ಮ ಆಸ್ಪತ್ರೆಗಳಲ್ಲಿ ಎದ್ದು ಕಾಣಬೇಕಿತ್ತು. ಅದು ನಮ್ಮ ಒಟ್ಟು ಕ್ಯಾನ್ಸರ್‌ಗಳ ಅತಿ ಸಣ್ಣ ಪಾಲು.

ಸಣ್ಣ ಪಾಲು ಎಂದು ಕೈಬಿಡುವಂತೆಯೂ ಇಲ್ಲ, ಏಕೆಂದರೆ ನಮ್ಮಲ್ಲಿ ಅದು ಬರುವ ದಾರಿ ಬೇರೆ. ಬಿಸಿಲಿಗೆ ಒಡ್ಡದ ಜಾಗದಲ್ಲೂ ಅದು ಹುಟ್ಟುತ್ತದೆ. ಕಾಶ್ಮೀರದಲ್ಲಿ ಚಳಿಗೆ ಫೆರನ್ ಎಂಬ ನಿಲುವಂಗಿಯ ಒಳಗೆ ಹೊಟ್ಟೆಗೂ ತೊಡೆಗೂ ತಾಗುವಂತೆ ಕಾಂಗಡಿ ಎಂಬ ಕೆಂಡದ ಮಡಕೆ ಇಟ್ಟುಕೊಳ್ಳುವವರಲ್ಲಿ, ವರ್ಷಗಟ್ಟಲೆ ಕಾದ ಆ ಚರ್ಮದ ಮೇಲೆಯೇ ಏಳುವ ಕ್ಯಾನ್ಸರನ್ನು 1866ರಲ್ಲೇ ಎಲ್ಮ್‌ಸ್ಲಿ ಎಂಬ ವೈದ್ಯ ವರದಿ ಮಾಡಿದ್ದರು. ಮುಂಬಯಿಯ ರೋಗಶಾಸ್ತ್ರಜ್ಞ ವಿ. ಆರ್. ಖಾನೋಲ್ಕರ್ 1940ರ ದಶಕದಲ್ಲಿ ‘ಧೋತರ ಕ್ಯಾನ್ಸರ್’ ಕುರಿತು ಬರೆದರು: ಸೊಂಟದಲ್ಲಿ ಒಂದೇ ಗೆರೆಯ ಮೇಲೆ ಬಿಗಿಯಾಗಿ ಕಟ್ಟಿದ ಧೋತರ ದಶಕಗಟ್ಟಲೆ ಉಜ್ಜಿ, ಚರ್ಮ ಕಪ್ಪಾಗಿ, ದಪ್ಪವಾಗಿ, ಹುಣ್ಣಾಗಿ, ಕೊನೆಗೆ ಸ್ಕ್ವಾಮಸ್ ಸೆಲ್ ಕ್ಯಾನ್ಸರ್. ಸೀರೆಯ ಒಳಲಂಗದ ಲಾಡಿಯಿಂದಲೂ ಹೀಗಾದ ಪ್ರಕರಣಗಳು ಆಮೇಲೆ ದಾಖಲಾದವು. ಸುಟ್ಟಗಾಯದ ಹಳೆಯ ಕಲೆ, ವರ್ಷಾನುಗಟ್ಟಲೆ ಮಾಯದ ಕಾಲಿನ ಹುಣ್ಣು, ಕುಷ್ಠದಿಂದ ಸ್ಪರ್ಶ ಕಳೆದುಕೊಂಡ ಪಾದದ ಗಾಯ, ಇವುಗಳ ಅಂಚಿನಲ್ಲಿ ಇದ್ದಕ್ಕಿದ್ದಂತೆ ಹೂಕೋಸಿನಂಥ ಮಾಂಸ ಬೆಳೆಯತೊಡಗಿದರೆ ವೈದ್ಯರು ಮೊದಲು ಶಂಕಿಸುವುದು ಇದನ್ನೇ.

ನಮ್ಮದೇ ರಾಜ್ಯದ ಒಂದು ಊರಿನ ಹೆಸರನ್ನು ಇಲ್ಲಿ ಹೇಳಲೇಬೇಕು. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾ. ಹಿಂದೆ ಚಿನ್ನದ ಗಣಿ ನಡೆದಿದ್ದ ಮಂಗಳೂರು ಎಂಬ ಊರಿನ ಪಕ್ಕದ ಲಂಬಾಣಿ ವಸತಿ ಅದು (ಕರಾವಳಿಯ ಮಂಗಳೂರಲ್ಲ). ಅಲ್ಲಿನ ಅಂತರ್ಜಲದಲ್ಲಿ ಆರ್ಸೆನಿಕ್ ಬೆರೆತಿತ್ತು. 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪರೀಕ್ಷೆಗೊಳಗಾದ ತಾಂಡಾದ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಚರ್ಮದಲ್ಲಿ ಆರ್ಸೆನಿಕ್‌ನ ಗುರುತುಗಳಿದ್ದವು: ಅಂಗೈ ಅಂಗಾಲುಗಳಲ್ಲಿ ಆಣಿಯಂಥ ಗಂಟುಗಳು, ಮೈಮೇಲೆ ಮಳೆಹನಿ ಬಿದ್ದಂತೆ ಕಪ್ಪು ಬಿಳಿ ಚುಕ್ಕೆಗಳು. ಆರ್ಸೆನಿಕ್ ಚರ್ಮದ ಕ್ಯಾನ್ಸರ್ ತರುತ್ತದೆ ಎಂಬುದರಲ್ಲಿ ವಿಜ್ಞಾನಕ್ಕೆ ಯಾವ ಸಂದೇಹವೂ ಇಲ್ಲ. ಅದು ಬರುವುದು ನೀರು ಕುಡಿದು ಹತ್ತಿಪ್ಪತ್ತು ವರ್ಷಗಳ ಮೇಲೆ. ಕೊಳವೆಬಾವಿಯ ನೀರಿನ ಪರೀಕ್ಷೆಗೆ ಆಗುವ ವೆಚ್ಚ ಅಲ್ಪ, ಸುರಕ್ಷಿತ ನೀರು ಕೊಟ್ಟರೆ ಹೊಸದಾಗಿ ವಿಷ ಒಳಹೋಗುವುದು ಅಂದೇ ನಿಲ್ಲುತ್ತದೆ. ಬದಲಾಯಿಸಲಾಗದ ರಕ್ತದ ಗುಂಪಿನ ಬಗ್ಗೆ ಆಗುವ ಚರ್ಚೆಯ ನೂರರಲ್ಲೊಂದು ಪಾಲು ಬದಲಾಯಿಸಬಹುದಾದ ಈ ನೀರಿನ ಬಗ್ಗೆ ಆಗಿದ್ದನ್ನು ನಾನು ಕಂಡಿಲ್ಲ.

ಮೆಲನೋಮವೂ ನಮ್ಮಂಥ ಚರ್ಮದವರಲ್ಲಿ ಜಾಗ ಬದಲಿಸುತ್ತದೆ. ಬಿಳಿಯರಲ್ಲಿ ಬೆನ್ನು, ತೋಳು, ಮೊಣಕಾಲಿನ ಕೆಳಭಾಗ. ನಮ್ಮಲ್ಲಿ ಅಂಗಾಲು, ಅಂಗೈ, ಉಗುರಿನ ತಳ, ಕೆಲವೊಮ್ಮೆ ಬಾಯಿ ಮೂಗುಗಳ ಒಳಪದರ. ಜಮೈಕದ ಗಾಯಕ ಬಾಬ್ ಮಾರ್ಲಿ 1981ರಲ್ಲಿ 36ನೇ ವಯಸ್ಸಿಗೇ ತೀರಿಕೊಂಡದ್ದು ಕಾಲ್ಬೆರಳಿನ ಉಗುರಿನಡಿ ಹುಟ್ಟಿದ ಮೆಲನೋಮದಿಂದ. ಮೊದಲಿಗೆ ಅದನ್ನು ಫುಟ್‌ಬಾಲ್ ಆಟದ ಗಾಯವೆಂದು ಭಾವಿಸಲಾಗಿತ್ತು. ಈ ಬಗೆಯ ಮೆಲನೋಮಕ್ಕೆ ಬಿಸಿಲು ಮುಖ್ಯ ಕಾರಣವಲ್ಲ, ಸನ್‌ಸ್ಕ್ರೀನ್ ಹಚ್ಚಿ ತಡೆಯುವಂಥದ್ದೂ ಅಲ್ಲ. ಅಮೆರಿಕದಲ್ಲಿ ಮೆಲನೋಮ ಪತ್ತೆಯಾದ ಐದು ವರ್ಷಗಳ ಬಳಿಕ ಬದುಕಿರುವ ಬಿಳಿಯರು ಶೇ 90ಕ್ಕಿಂತ ಹೆಚ್ಚು, ಕಪ್ಪು ಜನರು ಸುಮಾರು ಶೇ 70. ಅಪರೂಪದ ರೋಗ ಎಂಬ ಧೈರ್ಯದಲ್ಲಿ ರೋಗಿಯೂ ವೈದ್ಯರೂ ತಡಮಾಡುವುದು ಈ ಅಂತರದ ದೊಡ್ಡ ಕಾರಣಗಳಲ್ಲೊಂದು. ನಮ್ಮ ಹಳ್ಳಿಗಳಲ್ಲಿ ಬರಿಗಾಲಲ್ಲಿ ಹೊಲಕ್ಕೆ ಹೋಗುವವರ ಅಂಗಾಲಿನ ಕಪ್ಪು ಕಲೆ ಮುಳ್ಳು ಚುಚ್ಚಿದ ಗುರುತು, ಆಣಿ, ಗಾಯ ಎಂದೆಲ್ಲ ಹೆಸರು ಪಡೆದು, ಆಣಿಗೆ ಹಚ್ಚುವ ಔಷಧಿಯಿಂದ ಸುಟ್ಟುಕೊಂಡು, ಕಡೆಗೆ ತೊಡೆಸಂದಿನಲ್ಲಿ ಗಂಟು ಕಾಣಿಸಿದಾಗ ಕ್ಯಾನ್ಸರ್ ಆಸ್ಪತ್ರೆಗೆ ಬರುತ್ತದೆ.

ಓ ಗುಂಪಿನವರು ಚಿಂತಿಸಬೇಕೇ ಎಂದು ಯಾರಾದರೂ ಕೇಳಿದರೆ ಉತ್ತರ ಚಿಕ್ಕದು: ಬೇಡ. ಎ ಅಥವಾ ಬಿ ಗುಂಪಿನವರು ನಿಶ್ಚಿಂತರಾಗಿರಬಹುದೇ? ಅದೂ ಇಲ್ಲ. ಚರ್ಮದ ಕ್ಯಾನ್ಸರ್ ಅಪಾಯವನ್ನು ನಿಜವಾಗಿ ಹಲವು ಪಟ್ಟು ಏರಿಸುವ ಸ್ಥಿತಿಗಳಿವೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಹುಟ್ಟಿನಿಂದಲೇ ಇಲ್ಲದ ಆಲ್ಬಿನಿಸಂ ಒಂದು. ಅಂಥ ಮಕ್ಕಳಿಗೆ ನಮ್ಮ ಬಿಸಿಲಿನಲ್ಲಿ ಟೋಪಿ, ಉದ್ದ ತೋಳಿನ ಅಂಗಿ, ಸನ್‌ಸ್ಕ್ರೀನ್ ಇವು ಔಷಧಿಯಷ್ಟೇ ಅಗತ್ಯ. ಮೂತ್ರಪಿಂಡ ಕಸಿ ಮಾಡಿಸಿಕೊಂಡು ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗುವವರು ಇನ್ನೊಂದು ವರ್ಗ. ಕುಟುಂಬದಲ್ಲಿ ಮೆಲನೋಮ ಬಂದ ಚರಿತ್ರೆ, ಹಿಂದೆ ಪಡೆದ ವಿಕಿರಣ ಚಿಕಿತ್ಸೆ ಇವನ್ನೂ ವೈದ್ಯರ ಬಳಿ ಮುಚ್ಚಿಡದೆ ಹೇಳಬೇಕು.

ಉಳಿದವರು ಸ್ನಾನದ ಬಳಿಕ ಒಮ್ಮೊಮ್ಮೆ ಅಂಗಾಲನ್ನು ತಿರುಗಿಸಿ ನೋಡಿಕೊಂಡರೆ, ಮನೆಯ ಹಿರಿಯರ ಪಾದವನ್ನು ಕಿರಿಯರು ನೋಡಿದರೆ ಸಾಕು. ಒಂದು ತಿಂಗಳಾದರೂ ಮಾಯದ ಹುಣ್ಣು, ಒಂದೇ ಉಗುರಿನ ಉದ್ದಕ್ಕೂ ಮೂಡಿ ಅಗಲವಾಗುತ್ತಿರುವ ಕಪ್ಪು ಗೆರೆ, ಅಂಚು ಅಂಕುಡೊಂಕಾಗಿ ಹರಡುತ್ತಿರುವ ಮಚ್ಚೆ, ಹಳೆಯ ಸುಟ್ಟ ಕಲೆಯ ಮೇಲೆ ಹೊಸ ಮಾಂಸ, ಇವುಗಳಲ್ಲಿ ಯಾವುದು ಕಂಡರೂ ಚರ್ಮರೋಗ ತಜ್ಞರನ್ನು ಕಾಣಬೇಕು. ಅವರು ಒಂದು ತುಣುಕನ್ನು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ತುಣುಕು ತೆಗೆದರೆ ಕ್ಯಾನ್ಸರ್ ಹರಡುತ್ತದೆ ಎಂದು ಹೆದರಿಸುವವರು ಪ್ರತಿ ಊರಿನಲ್ಲೂ ಇದ್ದಾರೆ. ಅವರ ಮಾತಿಗೆ ಆಧಾರವಿಲ್ಲ. ಮೆಲನೋಮವಾಗಿದ್ದರೆ ವರದಿಯಲ್ಲಿ ವೈದ್ಯರು ಮೊದಲು ಹುಡುಕುವುದು ಅದು ಎಷ್ಟು ಆಳಕ್ಕೆ ಇಳಿದಿದೆ ಎಂಬ ಅಳತೆಯನ್ನು. ಒಂದು ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ಸುತ್ತಲಿನ ಒಂದಿಷ್ಟು ಚರ್ಮದೊಂದಿಗೆ ಅದನ್ನು ಕತ್ತರಿಸಿ ತೆಗೆಯುವುದರಲ್ಲೇ ಹೆಚ್ಚಿನವರ ಚಿಕಿತ್ಸೆ ಮುಗಿಯುತ್ತದೆ. ನಾಲ್ಕು ಮಿಲಿಮೀಟರ್ ದಾಟಿದ್ದರೆ ದುಗ್ಧಗ್ರಂಥಿಗಳ ಪರೀಕ್ಷೆ, ಸ್ಕ್ಯಾನ್, ಲಕ್ಷಗಟ್ಟಲೆ ಬೆಲೆಯ ಇಮ್ಯುನೋಥೆರಪಿ ಎಂದು ದಾರಿ ಉದ್ದವಾಗುತ್ತ ಹೋಗುತ್ತದೆ.